ಎಂಬತ್ತೆಂಟು ಸೆಂಟಿಮೀಟರ್

ಮೇ 27, ಸೋಮವಾರ. ಬಿ.ಪಿ. 152/94

ಡಾಕ್ಟರು ಹೇಳಿದ್ದು ಇಷ್ಟೇ. ದಿನಾ ಬೆಳಿಗ್ಗೆ ಬಿ.ಪಿ. ನೋಡಿ ಬರೆದಿಡಿ, ಸಾಯಂಕಾಲ ಅದರ ಕೆಳಗೆ ಎರಡು ಸಾಲು, ಮನಸ್ಸಿಗೆ ಏನು ಹತ್ತಿಕೊಂಡಿತ್ತು ಅಂತ. ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತಗೊಂಡು ಬನ್ನಿ. ಎರಡು ಸಾಲಲ್ಲಿ ಮುಗಿಯೋ ಹಾಗಿದ್ದರೆ ನನಗೆ ಬಿ.ಪಿ. ಯಾಕೆ ಬರ್ತಿತ್ತು ಡಾಕ್ಟರೇ?

ಹತ್ತಿಕೊಂಡಿರುವುದು: ಲಿಫ್ಟು. ಮೂಲೆಮನೆಯ ನಾಯಿ. ಮೊಬೈಲು ಹೊಡೆದುಕೊಂಡರೆ ಜೊತೆಗೆ ನನ್ನ ಎದೆಯೂ ಹೊಡೆದುಕೊಳ್ಳುತ್ತೆ. ಎಲ್ಲಕ್ಕಿಂತ ಮೇಲೆ ನಮ್ಮ ಸಾಹೇಬರ ಮೇಜಿನ ಮೇಲಿರುವ ಗಂಟೆ. ಆಫೀಸಲ್ಲಿ ಎಲ್ಲರೂ ಅವರನ್ನ ಗಂಟೆ ಸಾಹೇಬ್ರು ಅಂತಲೇ ಕರೆಯೋದು, ಹಿಂದೆ. ಒಂದು ಸಲ ಒತ್ತಿದರೆ ಜವಾನ, ಎರಡು ಸಲ ಒತ್ತಿದರೆ ನಾನು. ನಗರ ಯೋಜನಾ ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದಿದ್ದೀನಿ. ಈಗಲೂ ಆ ಎರಡನೇ ಸದ್ದಿಗೆ ಪೆನ್ನು ಕೈಜಾರುತ್ತೆ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಊರಿನ ಹೊಸ ಯೋಜನೆಯ ಮೇಲೆ ಜನರಿಂದ ಇನ್ನೂರ ಹನ್ನೆರಡು ಆಕ್ಷೇಪಣೆ ಬಂದಿವೆ. ಉತ್ತರ ಟೈಪ್ ಮಾಡುವುದು ನನ್ನ ಪಾಲಿಗೆ. ಉತ್ತರ ಎಲ್ಲಕ್ಕೂ ಒಂದೇ: "ಪರಿಶೀಲಿಸಲಾಗಿದೆ. ಬದಲಾವಣೆಯ ಅಗತ್ಯ ಕಂಡುಬಂದಿಲ್ಲ." ಇವತ್ತಿಗೆ ತೊಂಬತ್ತು ಮುಗೀತು.

ಇವಳು ಮಾತ್ರ ಹಾಡಿಕೊಂಡು ಓಡಾಡುತ್ತಿದ್ದಾಳೆ. ಇವಳು ನಡೆಸುವ ಶಿಶುವಿಹಾರಕ್ಕೆ ಹೊಸ ಕಟ್ಟಡ ಸಿಕ್ಕಿದೆ, ಹೊಳೆ ಪಕ್ಕದ ತಗ್ಗಿನ ಬಡಾವಣೆಯಲ್ಲಿ. ಮೂವತ್ತೆಂಟು ಮಕ್ಕಳು, ಎಲ್ಲ ದುಡಿಯಲು ಹೋಗುವವರ ಮಕ್ಕಳು, ನಾಲ್ಕು ವರ್ಷದ ಒಳಗಿನವು. "ಮಕ್ಕಳ ಎತ್ತರಕ್ಕೇ ಕೈ ತೊಳೆಯೋ ಬೇಸಿನ್ ಕೂರಿಸಿದ್ದಾರೆ ರೀ, ಗೊಂಬೆಮನೆ ಥರ" ಅಂದಳು. ಮೂರು ಸಲ ಅಂದಳು.

ಮೇ 30, ಗುರುವಾರ. ಬಿ.ಪಿ. 150/92

ಆಕ್ಷೇಪಣೆ ನಂಬರ್ ನೂರ ಹದಿನೇಳು. ತಗ್ಗಿನ ಬಡಾವಣೆಯ ಒಬ್ಬ ಇಸ್ತ್ರಿ ಅಂಗಡಿ ಅಮ್ಮ ಬರೆದಿದ್ದು, ನೋಟ್‌ಬುಕ್ ಹಾಳೆ ಹರಿದು.

"ಆರು ವರ್ಷದ ಹಿಂದೆ ಹೊಳೆ ನೀರು ನಮ್ಮ ಇಸ್ತ್ರಿ ಮೇಜಿನ ಮೇಲೆ ಬಂದಿತ್ತು. ನಿಮ್ಮ ನಕ್ಷೆಯಲ್ಲಿ ನಮ್ಮ ಮನೆ ನೀಲಿ ಗೆರೆಯ ಆಚೆ, ನೀರು ಬರದ ಕಡೆ ಇದೆ. ನೀರಿಗೆ ನಿಮ್ಮ ನಕ್ಷೆ ತೋರಿಸಿಲ್ಲ ಅಂತ ಕಾಣುತ್ತೆ."

ಓದಿ ನಕ್ಕೆ. ನೀಲಿ ಗೆರೆ ಅಂದರೆ ನೆರೆ ಬಂದರೆ ನೀರು ಎಲ್ಲಿಯವರೆಗೆ ಬರುತ್ತೆ ಅನ್ನೋ ಗೆರೆ. ಅದರ ಒಳಗೆ ಏನೂ ಕಟ್ಟುವ ಹಾಗಿಲ್ಲ. ಆಚೆ ಕಟ್ಟಬಹುದು. ಆ ಗೆರೆ ಎಳೆದವನು ನಾನೇ. ನಗು ನಿಂತ ಮೇಲೆ ಆಯಮ್ಮನ ಮನೆ ನಂಬರ್ ನಕ್ಷೆಯಲ್ಲಿ ಹುಡುಕಿದೆ. ಇವಳ ಶಿಶುವಿಹಾರದಿಂದ ಮೂರು ಮನೆ ಈಚೆ.

ಉತ್ತರ ಟೈಪ್ ಮಾಡಿದೆ. ಆಮೇಲೆ ಯಾಕೋ ಅದೊಂದು ಹಾಳೆ ಕಟ್ಟಿಗೆ ಸೇರಿಸಲಿಲ್ಲ.

ಜೂನ್ 4, ಮಂಗಳವಾರ. ಬಿ.ಪಿ. 148/90

ಬೆಳಿಗ್ಗೆ ಇಳಿದಿತ್ತು. ಈಗ ನೋಡಿದರೆ ಯಂತ್ರವೇ ಒಡೆಯಬಹುದು.

ಆಫೀಸು ಮುಗಿಸಿ ಇಸ್ತ್ರಿ ಅಮ್ಮನ ಮನೆಗೆ ಹೋಗಿದ್ದೆ. ಯಾರು ಅಂತ ಹೇಳದೆ ಮೆಲ್ಲಗೆ ಗೋಡೆ ನೋಡಿಕೊಂಡು ಬರೋಣ ಅಂತ ಎರಡು ಅಂಗಿ ಹಿಡಿದುಕೊಂಡು ಹೋಗಿದ್ದೆ. ಆಯಮ್ಮ ಮುಖ ನೋಡಿದ ತಕ್ಷಣ "ನಕ್ಷೆ ಆಫೀಸವರಾ?" ಅಂದಳು. "ಇಸ್ತ್ರಿ ಆಗಿರೋ ಅಂಗೀನೇ ಇಸ್ತ್ರಿಗೆ ತಂದಿದ್ದೀರಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದು ಅದೇ ಕತೆ.

ಗೋಡೆ ತೋರಿಸಿದಳು. ಸುಣ್ಣದ ಕೆಳಗಿಂದ ಕಂದು ಗೆರೆ ಎದ್ದು ಕಾಣುತ್ತೆ, ನನ್ನ ಸೊಂಟದ ಹತ್ತಿರ. ನಕ್ಷೆ ಪ್ರಕಾರ ಆ ನೆಲ ನೆರೆ ನೀರಿಗಿಂತ ಒಂದು ಗೇಣು ಮೇಲಿರಬೇಕು.

"ಸೇತುವೆ ಹತ್ರ ಏನಾದ್ರೂ ಬದಲಾಗಿದೆಯಾ?" ಅಂತ ಕೇಳಿದೆ. ಯಾಕೆ ಕೇಳಿದೆನೋ. ಕೇಳದೆ ಅಂಗಿ ಇಸಕೊಂಡು ಬಂದಿದ್ದರೆ ಇವತ್ತು ನೆಮ್ಮದಿಯಾಗಿ ಉಣ್ಣುತ್ತಿದ್ದೆ.

"ಇವರನ್ನೇ ಕೇಳಿ, ಸೇತುವೆ ಅಗಲ ಮಾಡಿದ್ದು ಇವರೇ" ಅಂತ ಗಂಡನನ್ನ ಕರೆದಳು. ಅವನು ಮೇಸ್ತ್ರಿ. ಸಂತೋಷದಿಂದ ನನ್ನನ್ನ ಸೇತುವೆಗೆ ಕರೆದುಕೊಂಡು ಹೋದ.

ಡಾಕ್ಟರೇ, ಸೇತುವೆ ಹತ್ತಿರ ಒಂದು ಮಟ್ಟದ ಕಲ್ಲು ಇದೆ. ತಲೆಯ ಮೇಲೆ 42.30 ಅಂತ ಕೆತ್ತಿದೆ. ಸಮುದ್ರದಿಂದ ಆ ಕಲ್ಲು ಅಷ್ಟು ಮೀಟರ್ ಎತ್ತರದಲ್ಲಿದೆ ಅಂತ ಅರ್ಥ. ಆ ಕಡೆಯ ಪ್ರತಿ ಅಂಗಳ, ಪ್ರತಿ ಚರಂಡಿಯ ಎತ್ತರ ಅಳೆಯುವುದು ಆ ಕಲ್ಲಿನಿಂದಲೇ. ನಕ್ಷೆಯ ಮೂಲೆಯಲ್ಲಿ "ಪರಿಶೀಲಿಸಿದವರು" ಅಂತ ಒಂದು ಚೌಕ ಇರುತ್ತೆ, ಅದರೊಳಗೆ ನನ್ನ ಚಿಕ್ಕ ಸಹಿ. ಸಹಿಗೆ ಮುಂಚೆ ನಾನು ನೋಡುವುದು ಇಷ್ಟು: ಹಳೇ ಪುಸ್ತಕದಲ್ಲಿ ಕಲ್ಲಿನ ಎತ್ತರ ಎಷ್ಟು, ಅಳತೆಯವರು ಬರೆದು ತಂದದ್ದು ಎಷ್ಟು. 42.30, 42.30. ಸರಿ. ಸಹಿ. ಕಲ್ಲು ಎಲ್ಲಿ ನಿಂತಿದೆ ಅಂತ ಯಾರೂ ಕೇಳಲ್ಲ. ಕಲ್ಲೇನು ನಡೆಯುತ್ತಾ?

"ಇದು ಹಳೇ ಕಟ್ಟೆ ಮೇಲಿತ್ತು ಸಾರ್" ಅಂದ ಮೇಸ್ತ್ರಿ. "ಕಟ್ಟೆ ಒಡೆಯುವಾಗ ನೋಡ್ದೆ. ಅಷ್ಟು ಚೆನ್ನಾಗಿ ಕೆತ್ತಿದ ಕಲ್ಲು, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಇಲ್ಲಿ ಕೆಳಗೆ ಮೆಟ್ಟಿಲ ಪಕ್ಕ ಕೂರಿಸ್ದೆ. ನೋಡಿ, ಅಲುಗಾಡಲ್ಲ." ಅಂದು ಕಾಲಲ್ಲಿ ಒದ್ದು ತೋರಿಸಿದ.

ಸೇತುವೆ ಅಗಲ ಮಾಡಿದ್ದು ನಾಲ್ಕು ವರ್ಷದ ಹಿಂದೆ. ಅಳತೆ ಮಾಡಿದ್ದು ಎರಡು ವರ್ಷದ ಹಿಂದೆ. ಕಲ್ಲು ಕೆಳಗಿಳಿದಿದೆ, ಅಂಕಿ ಹಾಗೇ ಇದೆ. ಅಂದರೆ ತಗ್ಗಿನ ಬಡಾವಣೆ ಪೂರ್ತಿ ನಕ್ಷೆಯಲ್ಲಿ ಇರುವುದಕ್ಕಿಂತ ಕೆಳಗಿದೆ. ಮೇಸ್ತ್ರಿಗೆ "ಚೆನ್ನಾಗಿ ಕೂರಿಸಿದ್ದೀರಿ" ಅಂದೆ. ಪಾಪ, ಖುಷಿಯಾದ.

ಈ ಪುಟ ಡಾಕ್ಟರಿಗೆ ತೋರಿಸುವ ಹಾಗಿಲ್ಲ.

ಜೂನ್ 5, ಬುಧವಾರ. ಬಿ.ಪಿ. 170/104

ಮೂರು ನಕ್ಷೆಯಲ್ಲಿ ನನ್ನ ಚಿಕ್ಕ ಸಹಿ ಇದೆ. ಇವತ್ತು ದಾಖಲೆ ಕೋಣೆಗೆ ಹೋಗಿ ಮೂರನ್ನೂ ತೆಗೆದು ನೋಡಿದೆ. ಎರಡರಲ್ಲಿ ಶಾಯಿ ಸ್ವಲ್ಪ ಮಾಸಿದೆ, ಮೂರನೆಯದರಲ್ಲಿ ಅಚ್ಚುಕಟ್ಟಾಗಿ ಇದೆ. ಯಾವ ದರಿದ್ರ ಗಳಿಗೆಯಲ್ಲಿ ಅಷ್ಟು ಚೆಂದಾಗಿ ಹಾಕಿದೆನೋ. ವಿಚಾರಣೆ ಇಟ್ಟರೆ ಮೊದಲು ಕೇಳುವುದು ನನ್ನನ್ನೇ. ಅಳತೆಯವರು "ಕಲ್ಲಲ್ಲಿ ಇದ್ದದ್ದು ಬರೆದ್ವಿ" ಅಂತಾರೆ, ಅದು ನಿಜ. ಸಾಹೇಬರು "ಪರಿಶೀಲಿಸಿದವರು ಸಹಿ ಹಾಕಿದ್ದರು" ಅಂತಾರೆ, ಅದೂ ನಿಜ. ಉಳಿಯುವವನು ನಾನೊಬ್ಬ. ಪಿಂಚಣಿ ತಡೆ ಹಿಡೀತಾರೆ. ಬೀಳ್ಕೊಡುಗೆ ಸಭೆ ಇರಲ್ಲ, ಕಾರಿಡಾರಲ್ಲಿ ಯಾರೂ ಮುಖ ಕೊಟ್ಟು ಮಾತಾಡಲ್ಲ. ಹೋದ ವರ್ಷ ಲೆಕ್ಕಶಾಖೆಯವನಿಗೆ ಹಾಗೇ ಆಯಿತು. ಬ್ಯಾಗಲ್ಲಿ ಟಿಫನ್ ಡಬ್ಬಿ ಇಟ್ಟುಕೊಂಡು ಹೋದವನು ಮತ್ತೆ ಬರಲಿಲ್ಲ. ಅವನಿಗೂ ನನ್ನದೇ ವಯಸ್ಸು.

ಲಿಫ್ಟಲ್ಲಿ ಗಂಟೆ ಸಾಹೇಬ್ರು ಸಿಕ್ಕಿ "ಹುಷಾರಿಲ್ವಾ?" ಅಂದರು. ಮೆಟ್ಟಿಲಲ್ಲೇ ಹೋಗಬೇಕಿತ್ತು.

ಜೂನ್ 9, ಭಾನುವಾರ. ಬಿ.ಪಿ. 166/102

ಲೆವೆಲ್ ಮಾಮನನ್ನ ಕರೆದುಕೊಂಡು ಸೇತುವೆಗೆ ಹೋಗಿದ್ದೆ. ನಮ್ಮ ಆಫೀಸಿನ ಹಳೇ ಅಳತೆಗಾರ, ನಿವೃತ್ತಿಯಾಗಿ ಹತ್ತು ವರ್ಷವಾಯಿತು. ಎಲ್ಲರಿಗೂ ಮಾಮ. ಮೂರು ಕಾಲಿನ ಸ್ಟ್ಯಾಂಡು, ದೂರ್ಬೀನು, ಉದ್ದ ಪಟ್ಟಿ, ಎಲ್ಲ ಮನೆಯಲ್ಲೇ ಇಟ್ಟುಕೊಂಡಿದ್ದಾನೆ, ಎಣ್ಣೆ ಹಾಕಿ. ಅದನ್ನ ಹೊತ್ತು ನಡೆಯುವಾಗ ಅವನಿಗೆ ಎಪ್ಪತ್ತು ಅಂತ ಯಾರೂ ಹೇಳಲ್ಲ.

ಸೇತುವೆಯ ಕಂಬಕ್ಕೆ ಬಡಿದಿರುವ ನೀರಿನ ಅಳತೆಪಟ್ಟಿ ಹಳೆಯದು, ಅದನ್ನ ಯಾರೂ ಮುಟ್ಟಿಲ್ಲ. ಮಾಮ ಅದನ್ನ ನೋಡಿ, ಕಲ್ಲನ್ನ ನೋಡಿ, ಮೂರು ಸಲ ಲೆಕ್ಕ ಹಾಕಿದ.

"ಎಂಬತ್ತೆಂಟು ಸೆಂಟಿಮೀಟರ್."

ನಕ್ಷೆಯಲ್ಲಿ ಶಿಶುವಿಹಾರದ ನೆಲ 41.22. ಹೋದ ಸಲದ ನೆರೆ ಕಂಬದ ಮೇಲೆ 41.00 ಮುಟ್ಟಿತ್ತು, ಅದಕ್ಕೇ ನಕ್ಷೆಯಲ್ಲಿ ಒಂದು ಗೇಣು ಮೇಲಿದೆ ಅಂತ ಬಂದಿದ್ದು. ಎಂಬತ್ತೆಂಟು ಕಳೆದರೆ ನಿಜವಾದ ನೆಲ 40.34. ಮಾಮ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟ. ಇಲ್ಲಿ ಅಂಟಿಸಿದ್ದೇನೆ.

"ಕಂಬದ ಮೇಲೆ ನೀರು 40.34 ದಾಟಿದ ದಿನ ನಿನ್ನ ಹೆಂಡತಿ ಕಾಲು ನೆನೆಯುತ್ತೆ ಕಣಪ್ಪ" ಅಂದ. "ಹೋದ ಸಲದಷ್ಟು ಬಂದರೆ ಎರಡಡಿ ನೀರು ಒಳಗೆ. ಆ ಮಕ್ಕಳು ಎಷ್ಟೆತ್ತರ ಇದ್ದಾವೆ?"

"ಹೇಳ್ತೀನಿ ಮಾಮ."

"ಯಾರಿಗೆ?"

ಸ್ಟ್ಯಾಂಡಿನ ಕಾಲು ಮಡಿಸುತ್ತಾ ಅವನು ಇನ್ನೊಂದು ಸಲ ಕೇಳಿದ. ನಾನು ದೂರ್ಬೀನಿನ ಡಬ್ಬಿ ಹುಡುಕುವ ಹಾಗೆ ಮಾಡಿದೆ.

ಜೂನ್ 11, ಮಂಗಳವಾರ. ಬಿ.ಪಿ. 172/106

ಹೇಳಿದೆ. ಗಂಟೆ ಸಾಹೇಬರಿಗೆ ಹೇಳಿದೆ. ಬಾಗಿಲು ಹಾಕಿ, ನಿಂತುಕೊಂಡೇ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿದರು. "ಕೂತ್ಕೊಳ್ಳಿ" ಅಂದರು. ನೀರು ತರಿಸಿಕೊಟ್ಟರು. ಆಮೇಲೆ ನಕ್ಷೆ ಬಿಚ್ಚಿ, ಮೂಲೆಯ ಚೌಕದ ಮೇಲೆ ಬೆರಳಿಟ್ಟು, "ಇದು ಯಾರ ಸಹಿ?" ಅಂತ ಕೇಳಿದರು.

"ನಂದು ಸಾರ್."

"ಮುಂದಿನ ಪರಿಷ್ಕರಣೆಯಲ್ಲಿ ಸರಿ ಮಾಡೋಣ. ಎರಡು ವರ್ಷಕ್ಕೆ ಹೇಗೂ ಇದ್ದೇ ಇದೆ. ಈಗ ಎತ್ತಿದ್ರೆ ನಾಲ್ಕು ಕಟ್ಟಡದ ಕೆಲಸ ನಿಲ್ಲುತ್ತೆ, ವಿಚಾರಣೆಗೆ ನೀವೂ ನಿಲ್ಲುತ್ತೀರಿ, ನಾನೂ. ಆರು ವರ್ಷದಲ್ಲಿ ಒಂದು ಸಲ ಬಂದ ನೀರು. ಲಿಖಿತವಾಗಿ ಕೊಡ್ತೀರಾ?"

"ಬೇಡ ಸಾರ್."

ಅವರ ಬೆರಳು ಗಂಟೆಯ ಮೇಲಿತ್ತು. ಒತ್ತಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು, ಮಗಳ ಮದುವೆ ಇಟ್ಟುಕೊಂಡಿದ್ದಾರೆ. ಅವರಿಗೂ ಹೆದರಿಕೆ. ಇದನ್ನ ತಿಳಿದು ನನಗೆ ಇನ್ನೂ ಹೆದರಿಕೆಯಾಯಿತು.

ಜೂನ್ 15, ಶನಿವಾರ. ಬಿ.ಪಿ. 168/100

ಇವಳು ಹೊಸ ಕಟ್ಟಡ ತೋರಿಸಲು ಕೈ ಹಿಡಿದು ಎಳೆದುಕೊಂಡು ಹೋದಳು. ಸೋಮವಾರದಿಂದ ಮಕ್ಕಳು ಇಲ್ಲಿಗೆ.

ಒಂದೇ ದೊಡ್ಡ ಕೋಣೆ. ಬೇಸಿನ್ ಆರು, ನನ್ನ ಮೊಳಕಾಲಿನ ಹತ್ತಿರ ಬರುತ್ತವೆ. ಇವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂವತ್ತೆಂಟು ಚೌಕ ಬರೆದಿದ್ದಾಳೆ, ಮಧ್ಯಾಹ್ನ ಯಾರು ಎಲ್ಲಿ ಮಲಗಬೇಕು ಅಂತ. "ಇಲ್ಲಿ ಅಳುಬುರುಕಿ, ಕಿಟಕಿ ಪಕ್ಕ. ಇಲ್ಲಿ ಅವಳಿ ಜವಳಿ, ಮಧ್ಯೆ ನಾನು ಕೂರ್ಬೇಕು, ಇಲ್ಲಾಂದ್ರೆ ಒಂದರ ಕೂದಲು ಒಂದು ಕೀಳ್ತಾವೆ. ಇದು ಪುಟ್ಟಿ. ಹನ್ನೊಂದು ತಿಂಗಳು, ಇನ್ನೂ ನಿಲ್ಲಲ್ಲ." ಮೇಲಿನ ಮಹಡಿ ಸಭಾಂಗಣ, ಅದು ಉದ್ಘಾಟನೆಯಾಗುವವರೆಗೆ ಬೀಗ. ಕೀಲಿ ನಮ್ಮ ಆಫೀಸಲ್ಲಿದೆ, ಸಾಹೇಬರ ಕೋಣೆಯ ಮೊಳೆಗೆ ನೇತುಹಾಕಿದ್ದಾರೆ.

ಮಾತು ನಾಲಿಗೆ ತುದಿಗೆ ಬಂತು. "ಹೇಗಿದೆ ಹೇಳ್ರೀ" ಅಂತ ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಗಾಳಿ ಬೆಳಕು ಚೆನ್ನಾಗಿದೆ" ಅಂದೆ.

ಜೂನ್ 17, ಸೋಮವಾರ. ಬಿ.ಪಿ. 174/108

ಬೆಳಿಗ್ಗೆಯಿಂದ ಮೋಡ. ಇವಳು ಹೊರಡುವಾಗ ಹನಿ ಶುರುವಾಯಿತು. ಬಾಗಿಲಲ್ಲಿ ಕೊಡೆ ತೆಗೆದುಕೊಟ್ಟೆ. "ಏನಪ್ಪಾ ಇವತ್ತು, ಬಿಸಿಲು ಯಾವ ಕಡೆ ಹುಟ್ಟಿದೆಯೋ" ಅಂತ ನಕ್ಕಳು.

ಜೂನ್ 18, ಮಂಗಳವಾರ. ಬಿ.ಪಿ. 170/104

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಈ ಮಳೆಗಾಲ ಒಂದು ದಾಟಿದರೆ ಸಾಕು.

ಜೂನ್ 20, ಗುರುವಾರ. 38.40

ಬಿ.ಪಿ. ನೋಡಲು ಪುರುಸೊತ್ತಾಗಲಿಲ್ಲ. ಎದ್ದವನೇ ಸೇತುವೆಗೆ ಹೋಗಿ ಕಂಬದ ಪಟ್ಟಿ ನೋಡಿ ಬಂದೆ. ಇನ್ನೂ ಸುಮಾರು ಎರಡು ಮೀಟರ್ ಬಾಕಿ. ಹಾಗಂದುಕೊಂಡು ತಿಂಡಿ ತಿಂದೆ.

ಜೂನ್ 21, ಶುಕ್ರವಾರ. 38.95

ಒಂದೇ ದಿನಕ್ಕೆ ಐವತ್ತೈದು.

ಮೂಲೆಮನೆಯ ನಾಯಿ ಸೇತುವೆಯ ತನಕ ಹಿಂದೆಯೇ ಬಂತು. ಬಂದದ್ದು ಗೊತ್ತಾದದ್ದು ವಾಪಸ್ ಹೊರಟಾಗ.

ಜೂನ್ 23, ಭಾನುವಾರ. 39.70

ಸಾಯಂಕಾಲ ಇವಳು ಮಕ್ಕಳ ಚಾಪೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ಮಳೆ, ಒಣಗಲ್ಲ ಅಂತ ಗೊಣಗುತ್ತಿದ್ದಳು. ಮೂವತ್ತೆಂಟು ಪುಟ್ಟ ಚಾಪೆ. ಹೇಳಿಬಿಟ್ಟೆ. ಕಲ್ಲು, ಮೇಸ್ತ್ರಿ, ಎಂಬತ್ತೆಂಟು, 40.34. ಎಲ್ಲ.

ಇವಳು ಕೈಯಲ್ಲಿದ್ದ ಚಾಪೆ ಕೆಳಗಿಡಲಿಲ್ಲ. "ಯಾವತ್ತು ಗೊತ್ತಾಯ್ತು ನಿಮಗೆ?"

"ಮೊನ್ನೆ" ಅಂದೆ.

ಸುಳ್ಳು. ಹತ್ತೊಂಬತ್ತು ದಿನ. ಬಾಯಿಗೆ ಬಂದದ್ದು ಮೊನ್ನೆ ಅಂತ.

"ರಜೆ ಕೊಟ್ಟುಬಿಡು" ಅಂದೆ.

"ರಜೆ ಕೊಟ್ರೆ ಮಕ್ಕಳು ಎಲ್ಲಿರ್ತಾವೆ? ಅದೇ ತಗ್ಗಲ್ಲಿ, ಮನೆ ಒಳಗೆ. ತಾಯಂದಿರು ಕೆಲಸಕ್ಕೆ ಹೋಗ್ಲೇಬೇಕು, ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಾರೆ." ಚಾಪೆಯನ್ನ ಹಗ್ಗಕ್ಕೆ ಹಾಕಿದಳು. "ಮೇಲಿನ ಹಾಲ್ ಕೀಲಿ ನಾಳೆ ಒಂಬತ್ತರೊಳಗೆ ನನ್ನ ಕೈಲಿರ್ಬೇಕು."

ಜೂನ್ 24, ಸೋಮವಾರ. 40.91

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಎಂಟೂವರೆಗೆ ಆಫೀಸಿಗೆ ಹೋಗಿ ಸಾಹೇಬರ ಕೋಣೆಯಿಂದ ಕೀಲಿ ತಗೊಂಡೆ. ಅವರು ಆಗಷ್ಟೇ ಬಂದು ಕೂತಿದ್ದರು, ಏನೋ ಕೇಳಿದರು, ಆಮೇಲೆ ಹಿಂದಿನಿಂದ ಗಂಟೆ ಒತ್ತುತ್ತಲೇ ಇದ್ದರು. ಬಸ್ಸು ಸಿಗಲಿಲ್ಲ, ಓಡಿದೆ. ಆಗ ಕಂಬದ ಮೇಲೆ 40.10.

ಇವಳು ಮಕ್ಕಳನ್ನ ಒಬ್ಬೊಬ್ಬರನ್ನೇ ಮೇಲೆ ಸಾಗಿಸಿದಳು. ಮೇಸ್ತ್ರಿ, ಇಸ್ತ್ರಿ ಅಮ್ಮ ಬಂದು ಕೈ ಹಾಕಿದರು. ಪುಟ್ಟಿಯನ್ನ ನಾನು ಎತ್ತಿಕೊಂಡಿದ್ದೆ, ನನ್ನ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಂಡಿತು. ನೀರು ಒಳಗೆ ಬಂದದ್ದು ಮಧ್ಯಾಹ್ನ ಒಂದೂಕಾಲಿಗೆ. ದಿನಾ ಅವು ಮಲಗುವ ಹೊತ್ತು. ಸದ್ದೇ ಇರಲಿಲ್ಲ. ಬಾಗಿಲ ಸಂದಿಯಿಂದ ಬಂತು, ಸೀಮೆಸುಣ್ಣದ ಚೌಕಗಳು ಒಂದೊಂದೇ ಅಳಿಸಿದವು. ಮೂರು ಗಂಟೆಗೆ ಬೇಸಿನ್‌ಗಳು ಕಾಣಿಸುತ್ತಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ನೋಡಿದೆ. ಮಕ್ಕಳನ್ನ ಮೂವತ್ತೆಂಟರ ತನಕ ಎಣಿಸಿದೆ, ಮತ್ತೆ ಎಣಿಸಿದೆ. ಎಲ್ಲ ಇದ್ದವು.

ಜೂನ್ 26, ಬುಧವಾರ. 39.30

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಶುಕ್ರವಾರ ಮೇಲಿನಿಂದ ವಿಚಾರಣಾ ಸಮಿತಿ ಬರುತ್ತೆ. ಸಾಹೇಬರು ಒಂದು ಪುಟದ ವರದಿ ಸಿದ್ಧ ಮಾಡಿಸಿದ್ದಾರೆ. "ಅನಿರೀಕ್ಷಿತ ಮಳೆ. ನಕ್ಷೆಯಲ್ಲಿ ಲೋಪ ಇರುವುದು ಯಾರ ಗಮನಕ್ಕೂ ಬಂದಿರಲಿಲ್ಲ." ಕೆಳಗೆ ಎಲ್ಲರ ಸಹಿ. ಒಂದು ಚೌಕ ಖಾಲಿ.

"ಯಾರಿಗೂ ಏನೂ ಆಗಿಲ್ಲವಲ್ಲ" ಅಂದರು. ಕಣ್ಣು ಕೆಂಪಗಿತ್ತು, ಅವರೂ ನಿದ್ದೆ ಮಾಡಿರಲಿಲ್ಲ ಅಂತ ಕಾಣುತ್ತೆ. "ಕೀಲಿ ವಿಷಯ ನಾನು ಎತ್ತಲ್ಲ. ನೀವು ಇದೊಂದು ಮುಗಿಸಿಕೊಡಿ."

ಅದೇ ನಕ್ಷೆಯ ಮೇಲೆ ಮುಂದಿನ ತಿಂಗಳು ಹೆರಿಗೆ ಆಸ್ಪತ್ರೆಯ ಕೆಲಸ ಶುರು. ಶಿಶುವಿಹಾರಕ್ಕಿಂತ ಇನ್ನೂ ಕೆಳಗೆ.

"ಓದಿ ಹಾಕ್ತೀನಿ ಸಾರ್" ಅಂದೆ, ಹಾಳೆ ಮಡಿಸಿ ಜೇಬಲ್ಲಿಟ್ಟುಕೊಂಡು ಬಂದೆ.

ಸಮಿತಿಗೆ ಬಾಯಿಮಾತಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಯಾವ ದಿನ ಕಲ್ಲು ನೋಡಿದೆ, ಮಾಮ ಯಾವ ದಿನ ಅಳೆದ, ಸಾಹೇಬರಿಗೆ ಯಾವ ದಿನ ಹೇಳಿದೆ, ಇದೆಲ್ಲ ಇರುವುದು ಈ ನೋಟ್‌ಬುಕ್ಕಲ್ಲಿ ಮಾತ್ರ. ಇದನ್ನೇ ಕೊಡಬೇಕು. ಕೊಟ್ಟರೆ ಎಲ್ಲರೂ ಓದುತ್ತಾರೆ. ಎಲ್ಲರೂ ಓದುವುದಕ್ಕೆ ಮುಂಚೆ ಇವಳು ಓದಬೇಕು. ಅದನ್ನ ನೆನೆಸಿಕೊಂಡರೆ ಜೀವ ಹೋಗುತ್ತೆ.

ಜೂನ್ 27, ಗುರುವಾರ. 39.00

ಬೆಳಿಗ್ಗೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಇಟ್ಟೆ. "ಮೊನ್ನೆ ಅಂದಿದ್ದು ಸುಳ್ಳು. ಇದನ್ನ ಓದು" ಅಂದೆ.

ಇವಳು ಕೈ ಒರೆಸಿಕೊಂಡು ಕೂತು ಮೊದಲ ಪುಟದಿಂದ ಓದಿದಳು. ಮಕ್ಕಳ ಹಾಜರಿ ನೋಡುವಾಗ ಮಾಡುವ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ನಾನು ಗೋಡೆ ಹತ್ತಿರ ನಿಂತಿದ್ದೆ. ಐದನೇ ತಾರೀಖಿನ ಪುಟದಲ್ಲಿ ಬೆರಳು ನಿಂತಿತು. ಎರಡು ಸಲ ಓದಿದಳು.

"ಇಡೀ ಪುಟದಲ್ಲಿ ಒಂದು ಮಗೂನೂ ಇಲ್ಲ" ಅಂದಳು.

ನಾನು ಆ ಪುಟದಲ್ಲಿ ಏನು ಬರೆದಿದ್ದೆ ಅಂತ ನನಗೇ ನೆನಪಿರಲಿಲ್ಲ. ಬಗ್ಗಿ ನೋಡಿದೆ. ಇರಲಿಲ್ಲ.

ಹದಿನೇಳನೇ ತಾರೀಖಿಗೆ ಬಂದಾಗ ಇವಳ ದನಿ ಬದಲಾಯಿತು. "ಅವತ್ತು ಪುಟ್ಟೀನ ಮೊದಲನೇ ಸಲ ಆ ನೆಲದ ಮೇಲೆ ಮಲಗಿಸ್ದೆ. ನಿಮಗೆ ಗೊತ್ತಿತ್ತು. ಗೊತ್ತಿದ್ದು ನನ್ನ ಕೈಗೆ ಕೊಡೆ ಕೊಟ್ರಿ."

ಬೆರಳು ಮುಂದಿನ ಪುಟಕ್ಕೆ ಹೋಯಿತು.

ಪೂರ್ತಿ ಓದಿ ಮುಗಿಸಿದ ಮೇಲೆ ಕೇಳಿದಳು, "ಆ ಎರಡು ಪುಟ ಹರಿದುಹಾಕಿ ಕೊಡಬಹುದಿತ್ತಲ್ಲ?"

"ಕೊಡಬಹುದಿತ್ತು."

ಇವಳು ನನ್ನ ಪೆನ್ನು ಇಸಕೊಂಡು, ಕೊನೆಯ ಪುಟದ ಕೆಳಗೆ "ಪೂರ್ತಿ ಓದಿದ್ದೇನೆ" ಅಂತ ಬರೆದು, ಸಹಿ ಮಾಡಿ, ತಾರೀಖು ಹಾಕಿದಳು. ನನ್ನ ಹಾಗೆ ಚಿಕ್ಕ ಸಹಿ ಅಲ್ಲ, ಪೂರ್ತಿ ಹೆಸರು. ಆಮೇಲೆ ಶಿಶುವಿಹಾರದ ಕೆಸರು ಬಳಿದುಹಾಕಲು ಹೋದಳು. ಅದರ ಕೆಳಗೆ ಉಳಿದ ಜಾಗದಲ್ಲಿ ಇದನ್ನ ಬರೆಯುತ್ತಿದ್ದೇನೆ.

ಜೂನ್ 28, ಶುಕ್ರವಾರ. 38.75

ಹತ್ತು ಗಂಟೆಗೆ ಸಮಿತಿ. ಸಾಹೇಬರ ಹಾಳೆ ಈ ಪುಟದ ಮಧ್ಯೆ ಮಡಿಸಿಟ್ಟಿದ್ದೇನೆ. ಚೌಕ ಖಾಲಿಯೇ ಇದೆ. ಇವತ್ತು ಕೊಟ್ಟ ಮೇಲೆ ಡಾಕ್ಟರಿಗೆ ಬೇರೆ ನೋಟ್‌ಬುಕ್ ತಗೋಬೇಕು.

ನಿನ್ನೆಯಿಂದ ಇವಳು ಮಾತಾಡಿಲ್ಲ. ಹೊರಗೆ ಮತ್ತೆ ಹನಿ ಶುರುವಾಗಿದೆ. ಈಗ ಇವಳು ಎದ್ದು ಬಂದು ಕೊಡೆ ತಗೊಂಡಳು. ನನ್ನ ಕೈಗೆ ಕೊಡಲಿಲ್ಲ. ನನ್ನ ಚಪ್ಪಲಿ ಪಕ್ಕ ಗೋಡೆಗೆ ಒರಗಿಸಿಟ್ಟು ಒಳಗೆ ಹೋದಳು.